ಹಬ್ಬವನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಮಕ್ಕಳು ಇಂದು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಮನೆಯಲ್ಲಿ ನಡೆದ ಹಬ್ಬದ ವಿಷಯವಾಗಿ ಹತ್ತು ವಾಕ್ಯ ಬರೆದು ತರಬೇಕೆಂದು ಶಾಲೆಯಲ್ಲಿ ಹೇಳುವುದೂ ಸಾಮಾನ್ಯ. ಆಗ ಮಗುವಿನ ಲೇಖನಿಗೆ ಥಟ್ಟನೆ ಒದಗುವುದು ಎರಡೇ ಪದಗಳು. ಶಿವರಾತ್ರಿ, ಜಾತ್ರೆ, ತೇರು, ದೀಪಾವಳಿಗಳೆಲ್ಲವೂ ‘ಫೆಸ್ಟಿವಲ್’. ನಾಮಕರಣ, ಲಿಂಗದೀಕ್ಷೆ, ಗೃಹಪ್ರವೇಶ, ಕೊನೆಗೆ ಅಜ್ಜನವರ ಶಿವಗಣಾರಾಧನೆಯೂ ‘ಫಂಕ್ಷನ್’. ಒಂದು ಕುಟುಂಬದ ವರ್ಷವಿಡೀ ನಡೆದ ಆಚರಣೆಗಳು ಎರಡು ಪದಗಳಲ್ಲಿ ಮುಗಿದುಹೋಗುತ್ತವೆ. ಇದು ಅಂಕಗಳ ಪ್ರಶ್ನೆಯಲ್ಲ. ಮಗು ಯಾವ ಪದದಿಂದ ಒಂದು ಸಂಗತಿಯನ್ನು ಹೇಳುತ್ತದೆಯೋ, ಆ ಪದದ ಅಳತೆಯಲ್ಲಿಯೇ ಅದನ್ನು ಕಾಣಲು ಕಲಿಯುತ್ತದೆ. ಆದಕಾರಣ ತಂದೆತಾಯಂದಿರು ಇದನ್ನು ಸ್ವಲ್ಪ ವಿಚಾರಿಸುವುದು ಒಳ್ಳೆಯದು.

ಕನ್ನಡವು ಈ ವಿಷಯದಲ್ಲಿ ಬಹು ಸಂಪನ್ನವಾದ ಭಾಷೆ. ಸಂಸ್ಕೃತದ ‘ಪರ್ವ’ ಶಬ್ದವು ‘ಪಬ್ಬ’ವಾಗಿ, ಪಕಾರವು ಹಕಾರವಾಗಿ ‘ಹಬ್ಬ’ವಾಯಿತು. ಪರ್ವವೆಂದರೆ ಗಿಣ್ಣು, ಕಬ್ಬಿಗೆ ಗಿಣ್ಣು ಇರುವಂತೆ ಕಾಲಕ್ಕೂ ಗಿಣ್ಣುಗಳಿವೆ, ಅವೇ ಹಬ್ಬಗಳು. ‘ಜಾತ್ರೆ’ಯು ‘ಯಾತ್ರೆ’ಯಿಂದ ಬಂದುದು; ಅದರಲ್ಲಿ ಜನರು ಹೊರಟು ಬಂದು ಒಂದೆಡೆ ಕೂಡುವ ಅರ್ಥವಿದೆ. ಇನ್ನು ಕ್ರಿಯಾಪದಗಳನ್ನು ನೋಡಿರಿ. ಹಬ್ಬವನ್ನು ‘ಮಾಡುತ್ತೇವೆ’, ವ್ರತವನ್ನು ‘ಹಿಡಿಯುತ್ತೇವೆ’, ತೇರನ್ನು ‘ಎಳೆಯುತ್ತೇವೆ’, ಜಾತ್ರೆ ತಾನಾಗಿ ‘ನೆರೆಯುತ್ತದೆ’. ಓದುಬರಹ ಕಲಿಯದ ಅಜ್ಜಿಯೂ ಇವುಗಳನ್ನು ಒಂದಕ್ಕೊಂದು ಬೆರೆಸಿ ಮಾತನಾಡುವುದಿಲ್ಲ.

ಕಳವಾರ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯಲ್ಲಂತೂ ಇದು ಇನ್ನೂ ಸೋಜಿಗದ ಸಂಗತಿ. ಇಲ್ಲಿ ಕನ್ನಡದ ಜೊತೆಗೆ ತೆಲುಗು ಅಂಗಳದ ಮಾತಾಗಿದೆ. ಒಂದೇ ಬೀದಿಯಲ್ಲಿ ಒಬ್ಬರು ‘ಹಬ್ಬ’ವೆಂದರೆ ಮತ್ತೊಬ್ಬರು ‘ಪಂಡುಗ’ ಎನ್ನುತ್ತಾರೆ. ಇವರ ‘ಜಾತ್ರೆ’ ಅವರಿಗೆ ‘ಜಾತರ’. ಎರಡು ಭಾಷೆಯಾದರೂ ಹಬ್ಬವು ಹಬ್ಬವಾಗಿಯೇ, ಜಾತ್ರೆಯು ಜಾತ್ರೆಯಾಗಿಯೇ ಉಳಿದಿವೆ. ಎರಡು ಭಾಷೆಗಳನ್ನು ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದ ಈ ಜನರಿಗೆ ಮೂರನೆಯ ಭಾಷೆಯಲ್ಲಿಯೂ ಅದೇ ವಿವೇಕವು ಸಾಧ್ಯವಾಗದೇಕೆ?

ಇಂಗ್ಲಿಷ್ ಭಾಷೆಯು ಬಡಭಾಷೆಯೇನಲ್ಲ. ಅದರ ಪದಗಳನ್ನೂ ಕೆದಕಿ ನೋಡಿದರೆ ನಮ್ಮ ಭಾವನೆಗಳಿಗೆ ಹತ್ತಿರವಾದ ಬೇರುಗಳು ಕಾಣುತ್ತವೆ. ‘ಹಾಲಿಡೇ’ ಎಂದರೆ ಮೂಲದಲ್ಲಿ ಪವಿತ್ರ ದಿನ. ಇಂದು ಅದು ಬರಿಯ ರಜೆಯಾಗಿದೆ. ಸಂತೆ, ಮೇಳಗಳಿಗೆ ಹೇಳುವ ‘ಫೇರ್’ ಪದವು ಲ್ಯಾಟಿನ್ನಿನಲ್ಲಿ ಹಬ್ಬದ ದಿನಗಳನ್ನು ಸೂಚಿಸುತ್ತಿದ್ದ ಪದದಿಂದ ಬಂದುದು. ‘ಸೆಲೆಬ್ರೇಟ್’ ಎಂಬುದರ ಬೇರಿನಲ್ಲಿ ಜನಸಂದಣಿಯ ಅರ್ಥವಿದೆ. ಜನರು ನೆರೆದು ನಡೆಸಿದ್ದೇ ಸೆಲೆಬ್ರೇಷನ್. ನಮ್ಮ ಜಾತ್ರೆಯ ತಿರುಳೂ ಇದೇ ಅಲ್ಲವೆ? ಆದುದರಿಂದ ದೋಷವು ಭಾಷೆಯಲ್ಲಿಲ್ಲ, ಯಾವ ಪದವನ್ನು ಎಲ್ಲಿ ಬಳಸಬೇಕೆಂಬುದನ್ನು ನಾವು ಹೇಳಿಕೊಡದಿರುವುದರಲ್ಲಿದೆ.

ನಿತ್ಯದ ವಾಕ್ಯಗಳಿಗೆ ಬರೋಣ. ಸಂತೋಷದ ಹಬ್ಬಕ್ಕೆ ‘ಸೆಲೆಬ್ರೇಟ್’ ಸಲ್ಲುತ್ತದೆ: ‘ವಿ ಸೆಲೆಬ್ರೇಟ್ ದೀಪಾವಳಿ’ ಎನ್ನಬಹುದು. ಉಪವಾಸ, ಜಾಗರಣೆ, ನಿಯಮಗಳಿರುವ ಕಡೆ ಇಂಗ್ಲಿಷಿನಲ್ಲಿ ‘ಅಬ್ಸರ್ವ್’ ಎಂಬ ಪದವುಂಟು. ಅದು ನಮ್ಮ ‘ಆಚರಿಸು’ ಎಂಬುದಕ್ಕೆ ಸಮೀಪ. ‘ವಿ ಅಬ್ಸರ್ವ್ ಶಿವರಾತ್ರಿ’ ಎಂದು ಬರೆದ ಮಗುವು ಅಂದು ಮನೆಯಲ್ಲಿ ನಡೆಯುವುದು ಪೂಜೆ, ಜಾಗರಣೆಗಳೇ ಹೊರತು ಮೋಜಲ್ಲ ಎಂಬುದನ್ನು ಒಂದೇ ಪದದಲ್ಲಿ ತಿಳಿಸಿದಂತಾಯಿತು. ಶಿವಗಣಾರಾಧನೆಯ ವಿಷಯದಲ್ಲಿ ‘ಸೆಲೆಬ್ರೇಟೆಡ್’ ಎಂದು ಬರೆದರೆ, ಓದಿದ ಹೊರಗಿನವರು ಆ ಮನೆಯಲ್ಲಿ ಸಂಭ್ರಮವಾಯಿತೆಂದು ತಿಳಿದಾರು. ಲಿಂಗೈಕ್ಯರಾದ ಹಿರಿಯರ ನೆನಪಿಗೆ ಅದರಿಂದ ಅಪಚಾರವಾಗುತ್ತದೆ. ಅಲ್ಲಿ ‘ಶಿವಗಣಾರಾಧನೆ ವಾಸ್ ಹೆಲ್ಡ್’ ಎಂದರೆ ಸಾಕು. ‘ದಾಸೋಹ’ಕ್ಕೆ ‘ಫೀಸ್ಟ್’ ಎನ್ನುವುದೂ ಸಲ್ಲದು. ಫೀಸ್ಟ್ ಎಂದರೆ ಔತಣ, ಮೃಷ್ಟಾನ್ನ. ದಾಸೋಹದಲ್ಲಿ ನೀಡುವವನೇ ತನ್ನನ್ನು ದಾಸನೆಂದು ತಿಳಿಯುತ್ತಾನೆ. ಆ ಭಾವವು ಔತಣದ ಪದದಲ್ಲಿ ಎಲ್ಲಿಂದ ಬರಬೇಕು?

ತೇರಿನ ಕಥೆಯು ಇನ್ನೂ ವಿಚಿತ್ರವಾಗಿದೆ. ರಥೋತ್ಸವವನ್ನು ನಮ್ಮ ದೇಶದ ಇಂಗ್ಲಿಷಿನಲ್ಲಿ ಬಹುಕಾಲದಿಂದ ‘ಕಾರ್ ಫೆಸ್ಟಿವಲ್’ ಎಂದು ಬರೆಯುತ್ತ ಬಂದಿದ್ದಾರೆ. ‘ಕಾರ್’ ಎಂಬುದಕ್ಕೆ ರಥವೆಂಬ ಹಳೆಯ ಅರ್ಥವಿತ್ತು. ಮೋಟಾರು ಬಂಡಿ ಬಂದದ್ದು ಆಮೇಲೆ. ಇಂದಿನ ಮಗುವಿಗೆ ನಂದಿಯಲ್ಲಿ ಶಿವರಾತ್ರಿಗೆ ‘ಕಾರ್ ಫೆಸ್ಟಿವಲ್’ ಎಂದರೆ ಕಣ್ಣಿಗೆ ಕಟ್ಟುವುದು ಮೋಟಾರು ಕಾರುಗಳ ಸಾಲೇ! ಪುರಿಯ ಜಗನ್ನಾಥನ ತೇರಿಗಾದ ಗತಿಯು ಇದಕ್ಕಿಂತ ಶೋಚನೀಯ. ಭಕ್ತರು ಗಾಲಿಗಳ ಕೆಳಗೆ ಬಿದ್ದು ಸಾಯುತ್ತಾರೆಂದು ಯುರೋಪಿನ ಪ್ರವಾಸಿಗಳು ಹಬ್ಬಿಸಿದ ಕಥೆಗಳಿಂದ, ಜಗನ್ನಾಥನೆಂಬ ಹೆಸರೇ ‘ಜಗರ್‌ನಾಟ್’ ಆಗಿ ಇಂಗ್ಲಿಷ್ ನಿಘಂಟನ್ನು ಸೇರಿತು. ಎದುರಿಗೆ ಸಿಕ್ಕಿದ್ದನ್ನೆಲ್ಲ ತುಳಿದು ಹಾಕುವ ಶಕ್ತಿಯೆಂದು ಅದರ ಅರ್ಥ. ಬ್ರಿಟನ್ನಿನಲ್ಲಿ ದೈತ್ಯಾಕಾರದ ಲಾರಿಗೂ ಅದೇ ಹೆಸರು. ನಮ್ಮ ಹಬ್ಬವನ್ನು ನಾವು ವಿವರಿಸದಿದ್ದರೆ ಅನ್ಯರು ತಮಗೆ ತೋಚಿದಂತೆ ವಿವರಿಸುತ್ತಾರೆ, ಆ ವಿವರಣೆಯೇ ಶಾಶ್ವತವಾಗಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಹಬ್ಬದ ಹೆಸರನ್ನು ಅನುವಾದಿಸದೆ ಹಾಗೆಯೇ ಇಟ್ಟು, ಅದರ ಪಕ್ಕದಲ್ಲಿ ಒಂದು ಸರಳ ವಾಕ್ಯದಿಂದ ವಿವರಿಸುವುದೇ ಉತ್ತಮ ಮಾರ್ಗ. ದೊಡ್ಡವರೂ ಇದನ್ನೇ ಮಾಡಿದ್ದಾರೆ. ಯುನೆಸ್ಕೊ ಸಂಸ್ಥೆಯು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ 2017ರಲ್ಲಿ ‘ಕುಂಭಮೇಳ’ವನ್ನೂ 2021ರಲ್ಲಿ ಕೊಲ್ಕತ್ತದ ‘ದುರ್ಗಾಪೂಜಾ’ವನ್ನೂ ಸೇರಿಸಿದಾಗ ಇಂಗ್ಲಿಷಿನಲ್ಲಿಯೂ ಆ ಹೆಸರುಗಳನ್ನೇ ಉಳಿಸಿಕೊಂಡಿತು. ‘ಮೇಳ’, ‘ಪೂಜಾ’, ‘ದಿವಾಲಿ’ ಎಂಬ ಪದಗಳು ಇಂದು ಇಂಗ್ಲಿಷ್ ನಿಘಂಟುಗಳಲ್ಲಿ ಸ್ಥಾನ ಪಡೆದಿವೆ. ಆ ಪದಗಳನ್ನು ಬಳಸುವವರು ನಾಚಿಕೆಯಿಲ್ಲದೆ ಬಳಸಿದ್ದರಿಂದಲೇ ಅವು ಅಲ್ಲಿಗೆ ಹೋದವು. 1913ರಲ್ಲಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಸಾರ್ವಜನಿಕವಾಗಿ ಆರಂಭಿಸಿದ ‘ಬಸವ ಜಯಂತಿ’ಯನ್ನು ಯಾರೂ ಇಂಗ್ಲಿಷಿನಲ್ಲಿ ‘ಬಸವಾ ಬರ್ತ್‌ಡೇ’ ಎನ್ನುವುದಿಲ್ಲ. ಕ್ಯಾಲೆಂಡರಿನ ಇಂಗ್ಲಿಷ್ ಸಾಲಿನಲ್ಲಿಯೂ ಅದು ಜಯಂತಿಯೇ. ಜಯಂತಿಗೆ ಸಿಕ್ಕಿದ ಮಾನ್ಯತೆಯು ಜಾತ್ರೆಗೆ, ತೇರಿಗೆ, ದಾಸೋಹಕ್ಕೆ ಏಕೆ ಸಿಗಬಾರದು?

ಮಗುವು ‘ಅವರ್ ಜಾತ್ರೆ’ ಎಂದು ಬರೆಯಲಿ. ಮುಂದಿನ ವಾಕ್ಯದಲ್ಲಿ ಸುತ್ತಣ ಹಳ್ಳಿಗಳವರು ಕೂಡುವುದು, ದನಗಳ ವ್ಯಾಪಾರ, ತೇರಿನ ಹಗ್ಗ, ಬಂದವರಿಗೆಲ್ಲ ಅನ್ನ, ಇವನ್ನು ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಲಿ. ಉಪಾಧ್ಯಾಯರು ಕೆಂಪು ಗೆರೆ ಎಳೆದರೆ ಪೋಷಕರು ವಿನಯದಿಂದ ಅರ್ಥವನ್ನು ತಿಳಿಸಲಿ. ಆದರೆ ಮಗುವಿಗೆ ವಿವರಿಸಲು ಮೊದಲು ವಿಷಯವು ತಿಳಿದಿರಬೇಕಷ್ಟೆ. ತೇರನ್ನು ಏಕೆ ಎಳೆಯುತ್ತೇವೆ, ಶಿವರಾತ್ರಿಯಲ್ಲಿ ಏಕೆ ಎಚ್ಚರವಿರುತ್ತೇವೆ, ದಾಸೋಹಕ್ಕೆ ಆ ಹೆಸರೇಕೆ ಎಂದು ಮಗು ಕೇಳಿದಾಗ ಉತ್ತರ ಹೇಳಬೇಕಾದವರು ಮನೆಯ ಹಿರಿಯರು. ಅವರಿಗೂ ತಿಳಿಯದಿದ್ದಲ್ಲಿ ಅಜ್ಜಿಯನ್ನು ಕೇಳಲಿ, ಮಠದ ಹಿರಿಯರನ್ನು ಕೇಳಲಿ. ಇಂಗ್ಲಿಷಿನ ಒಂದು ವಾಕ್ಯವನ್ನು ಸರಿಯಾಗಿ ಬರೆಯುವ ನೆಪದಲ್ಲಿ ಮೂರು ತಲೆಮಾರಿನವರು ಒಂದೆಡೆ ಕುಳಿತು ಮಾತನಾಡಿದರೆ, ಅದಕ್ಕಿಂತ ದೊಡ್ಡ ಲಾಭವಿಲ್ಲ.