ಒಂದೇ ಅಡ್ಡಗುರುತು, ಎರಡು ಅರ್ಥ

ಸವದತ್ತಿ ತಾಲೂಕಿನ ಹೂಲಿಯಂಥ ಊರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಗೆ ಅಜ್ಜಿಯ ಕೈಗೆ ಕಾಗದದ ಮತಪತ್ರ ಕೊಡುತ್ತಾರೆ. ಬೇಕಾದವರ ಚಿಹ್ನೆಯ ಮೇಲೆ ಅಡ್ಡಗುರುತಿನ ಮುದ್ರೆ ಒತ್ತಿದರೆ ಅದು ಒಪ್ಪಿಗೆ. ವಿಧಾನಸಭೆಗೆ ಮತಯಂತ್ರ ಬರುತ್ತದೆ. ಅದರ ಕೊನೆಯ ಗುಂಡಿಯ ಪಕ್ಕದಲ್ಲಿ, ಮತಪತ್ರದ ಮೇಲೆ ಕಪ್ಪು ಅಡ್ಡಗುರುತು ಹಾಕಿದ ಚಿತ್ರ. ಇಲ್ಲಿ ಅದೇ ಗುರುತು ತಿರಸ್ಕಾರ: ನೋಟಾ!

ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ಈ ಹಕ್ಕಿಗೆ ಚಿಹ್ನೆ ಬಂದದ್ದು 2015ರಲ್ಲಿ. ನಡುವೆ ನಡೆದ 2014ರ ಲೋಕಸಭಾ ಚುನಾವಣೆಯಲ್ಲಿ ಓದಲು ಬಾರದವರ ಪಾಲಿಗೆ ಅದು ಬರೀ ಅಕ್ಷರ. ಬಂದ ಚಿಹ್ನೆಯೂ, ತಪ್ಪಿಗೆ ಇಂಟು ಮಾರ್ಕು ಬೀಳುವ ಪಟ್ಟಿ ಹಿಡಿದು ಶಾಲೆಗೆ ಹೋದವರಿಗಷ್ಟೇ ಸ್ಪಷ್ಟ.

‘ಜನಕ್ಕೆ ತಿಳಿವಳಿಕೆ ಇಲ್ಲ’ ಎನ್ನುವುದು ಸುಲಭ. ಗುಂಡಿ ಅರ್ಥವಾಗದಿದ್ದರೆ ಹಕ್ಕು ಕೊಟ್ಟಂತಾಗಲಿಲ್ಲ. ಚಿಹ್ನೆಯನ್ನು ಮೊದಲು ಊರಕಟ್ಟೆಯ ಮೇಲೆ ಕೂತವರಿಗೆ ತೋರಿಸಿ, ಏನು ತಿಳಿಯಿತು ಎಂದು ಕೇಳಿ. ಆಮೇಲೆ ಯಂತ್ರಕ್ಕೆ ಹಚ್ಚಿ.