ಹೊಲಕ್ಕೊಂದು ಗಾಲಿಮನೆ: ವೆಲ್ಡಿಂಗಿಗೆ ಮೊದಲು ನಕ್ಷೆ

ಎತ್ತಿಗೆ ಕೊಟ್ಟಿಗೆ ಇದೆ. ಟ್ರ್ಯಾಕ್ಟರಿಗೆ ಶೆಡ್ ಇದೆ. ಬೀಜದ ಚೀಲಕ್ಕೂ ಒಂದು ಮೂಲೆ ಇದೆ. ರಾತ್ರಿ ಹೊಲದಲ್ಲಿ ಮಲಗುವ ಮನುಷ್ಯನಿಗೆ ಏನಿದೆ? ಒಂದು ತಾಡಪಾಲು, ಒಂದು ಕಂಬಳಿ. ನಮ್ಮ ರಾಯಚೂರು ಸೀಮೆಯ ಸಣ್ಣ ರೈತರು ಈಗಲಾದರೂ ಈ ಬಗ್ಗೆ ಯೋಚಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ನಾವು ಹೊರಗೆ ಕಳೆಯುವ ರಾತ್ರಿಗಳು ಕಡಿಮೆಯೇನಲ್ಲ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ನೀರು ಬಂದ ರಾತ್ರಿ ತೂಬಿನ ಹತ್ತಿರ ಇರಲೇಬೇಕು, ಇಲ್ಲದಿದ್ದರೆ ನೀರು ಮೇಲಿನವರ ಹೊಲದಲ್ಲೇ ನಿಲ್ಲುತ್ತದೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯವರಿಗೂ ಇದೇ ಕಾವಲು. ಪಂಪ್‌ಸೆಟ್ಟಿನವರಿಗೆ ತ್ರೀಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುತ್ತದೆ. ಆಮೇಲೆ ಭತ್ತದ ರಾಶಿ, ಮೆಣಸಿನಕಾಯಿ ಕಣ. ಹತ್ತಿ ತುಂಬಿಕೊಂಡು ರಾಯಚೂರು ಮಾರುಕಟ್ಟೆಗೆ ಹೋದರೆ ಲೋಡಿನ ಮೇಲೆಯೇ ನಿದ್ದೆ. ಈ ರಾತ್ರಿಗಳೂ ದುಡಿಮೆಯೇ. ಆದರೆ ಖರ್ಚಿನ ಲೆಕ್ಕದಲ್ಲಿ ಅವು ಎಲ್ಲೂ ಬರುವುದಿಲ್ಲ.

ಯಾಕೆ ಗಾಲಿ ಬೇಕು?

'ಹೊಲದಾಗ ಒಂದು ಖೋಲಿ ಕಟ್ಟಿಸಿಬಿಡಪಾ' ಅನ್ನುತ್ತಾರೆ. ಯಾವ ಹೊಲದಲ್ಲಿ? ನನ್ನದು ಮಾನ್ವಿ ತಾಲೂಕಿನಲ್ಲಿ ಮೂರೂವರೆ ಎಕರೆ, ಅದೂ ಎರಡು ತುಂಡು. ಒಂದು ಎರಿ, ಒಂದು ಮಸಾರಿ. ಮತ್ತೆ ಎರಡು ಎಕರೆ ದೇವದುರ್ಗದ ಕಡೆ ಅತ್ತೆ ಮನೆಯವರದ್ದು, ಪಾಲಿಗೆ ಮಾಡುತ್ತೇನೆ. ಪಾಲಿನ ಹೊಲ, ಲೀಜಿನ ಹೊಲದಲ್ಲಿ ಗೋಡೆ ಎಬ್ಬಿಸಲು ಯಾರು ಬಿಡುತ್ತಾರೆ? ಭೂಮಿ ತನ್ನದಲ್ಲದವನಿಗೇ ಗಾಲಿಯ ಮೇಲಿನ ಮನೆ ಹೆಚ್ಚು ಬೇಕು. ಲೀಜು ಮುಗಿದ ದಿನ ಎಳೆದುಕೊಂಡು ಹೋಗಬಹುದು.

ಇದು ಹೊಸ ಯೋಚನೆಯೇನಲ್ಲ. ನಮ್ಮಲ್ಲೇ ಕಮಾನು ಕಟ್ಟಿದ ಬಂಡಿಯಲ್ಲಿ ಜಾತ್ರೆಗೆ ಹೋಗಿ, ಬಂಡಿಯಲ್ಲೇ ಮಲಗಿ ಬರುತ್ತಿದ್ದರು. ಇಂಗ್ಲೆಂಡಿನಲ್ಲಿ 19ನೇ ಶತಮಾನದ ಕುರಿಗಾರರು ಮರಿ ಹಾಕುವ ಕಾಲಕ್ಕೆ ಗಾಲಿಮನೆಯನ್ನು ಹುಲ್ಲುಗಾವಲಿಗೆ ಎಳೆದೊಯ್ಯುತ್ತಿದ್ದರು. ಅಮೆರಿಕದಲ್ಲಿ 1930-40ರ ಸುಮಾರಿಗೆ ಜನ ಮನೆಯಲ್ಲೇ ಪುಟ್ಟ ಮಲಗುವ ಟ್ರೇಲರ್ ಮಾಡಿಕೊಂಡು ಕಾರಿಗೆ ಕಟ್ಟಿ ತಿರುಗಿದರು. ಅವರಿಗೆ ಅದು ರಜೆಯ ಮೋಜು. ನಮಗೆ ಕೆಲಸದ ಸಾಮಾನು, ಅಷ್ಟೇ ವ್ಯತ್ಯಾಸ.

ಐದು ಹಾಳೆಯ ಮನೆ

ನಾನು ಇನ್ನೂ ಕಬ್ಬಿಣ ಕೊಂಡಿಲ್ಲ. ನಕ್ಷೆ ಮಾತ್ರ ಮುಗಿದಿದೆ. ಕಣದಲ್ಲಿ ಸುಣ್ಣದ ಗೆರೆ ಹಾಕಿ, ಒಳಗೆ ಮಲಗಿ ನೋಡಿಯೇ ಅಳತೆ ಹಿಡಿದೆವು. ಉದ್ದ 8 ಅಡಿ, ಅಗಲ 4 ಅಡಿ, ಒಳ ಎತ್ತರ 4 ಅಡಿ. ಕೂತರೆ ತಲೆ ತಾಗದು, ನಿಲ್ಲಲು ಆಗದು. ನಿಲ್ಲುವ ಎತ್ತರ ಕೊಟ್ಟರೆ ನಮ್ಮ ಬಯಲುಸೀಮೆಯ ಗಾಳಿಗೆ ಅದು ಹಾಯಿಯಾಗುತ್ತದೆ.

ಈ ಅಳತೆಗೆ ಇನ್ನೊಂದು ಕಾರಣವಿದೆ. ಪ್ಲೈವುಡ್, ತಗಡು ಎರಡೂ 8x4 ಅಡಿ ಹಾಳೆಯಲ್ಲಿ ಸಿಗುತ್ತವೆ. ನೆಲಕ್ಕೆ ಒಂದು, ಎರಡು ಪಕ್ಕಕ್ಕೆ ಎರಡು, ಮಾಡಿಗೆ ಒಂದು, ಮತ್ತೊಂದನ್ನು ನಡುವೆ ಕತ್ತರಿಸಿದರೆ ಹಿಂದೆ ಮುಂದೆ ಎರಡೂ ಆಯಿತು. ಐದೇ ಹಾಳೆ. ಚೂರು ಪಾರು ಉಳಿಯುವುದಿಲ್ಲ.

ತೂಕವನ್ನೂ ಕಾಗದದ ಮೇಲೆಯೇ ಕೂಡಿಸಿ. 50x50x6 ಮಿ.ಮೀ. ಆಂಗಲ್ ಮೀಟರಿಗೆ ನಾಲ್ಕೂವರೆ ಕಿಲೋ. ಕೆಳಗಿನ ಚಾಸಿಗೆ ಮೂತಿಯೂ ಸೇರಿ ಸುಮಾರು 14 ಮೀಟರ್ ಬೇಕು, ಅಂದರೆ 63 ಕಿಲೋ. ಮೇಲಿನ ಚೌಕಟ್ಟಿಗೆ 25 ಮಿ.ಮೀ. ಚೌಕ ಪೈಪು, 28 ಕಿಲೋ ಆಸುಪಾಸು. ಅರ್ಧ ಮಿ.ಮೀ. ತಗಡು ಹಾಳೆಗೆ 12 ಕಿಲೋದಂತೆ ನಾಲ್ಕಕ್ಕೆ 48. ನೆಲದ 12 ಮಿ.ಮೀ. ಪ್ಲೈವುಡ್ 23 ಕಿಲೋ. ಎಲ್ಲ ಸೇರಿ 160. ಹಳೇ ಅಚ್ಚು, ಗಾಲಿ, ಸ್ಪ್ರಿಂಗ್ ಪಟ್ಟಿಗೆ ಇನ್ನೊಂದು ನೂರು ಹಿಡಿಯಿರಿ. ಇಷ್ಟನ್ನು ಒಂದು ಜೋಡಿ ಎತ್ತೂ ಎಳೆಯುತ್ತದೆ.

'ಗಟ್ಟಿ ಇರ್ಲಿ ಬಿಡ್ರಿ' ಅಂತ ವೆಲ್ಡಿಂಗ್ ಅಂಗಡಿಯವರು ದಪ್ಪ ತಗಡು ತೋರಿಸುತ್ತಾರೆ. 3 ಮಿ.ಮೀ. ತಗಡು ಹಾಕಿದರೆ ಆ ನಾಲ್ಕು ಹಾಳೆಯೇ 280 ಕಿಲೋ ಆಗುತ್ತದೆ. ಮಳೆಯಲ್ಲಿ ಎರಿ ಹೊಲಕ್ಕೆ ಇಳಿದರೆ ಅಚ್ಚಿನ ತನಕ ಹೂತುಕೊಳ್ಳುತ್ತದೆ. ತಗಡಿನ ದಪ್ಪಕ್ಕಿಂತ ಗಾಲಿಯ ಎತ್ತರ, ಅಗಲ ಮುಖ್ಯ.

ಮುಂಭಾರ, ಹಿಂಭಾರ

ಬಂಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂಭಾರವಾದರೆ ಎತ್ತಿನ ಹೆಗಲಿಗೆ ಕಷ್ಟ, ಹಿಂಭಾರವಾದರೆ ನೊಗ ಮೇಲೇಳುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಇರಬೇಕು. ಸಾಮಾನು ಸೇರಿ 320 ಕಿಲೋ ಆದರೆ ಕೊಂಡಿಗೆ 32ರಿಂದ 48 ಕಿಲೋ. ಹತ್ತಿ ತೂಗುವ ಕಾಟಾದಲ್ಲಿ ಕೊಂಡಿಯನ್ನು ಎತ್ತಿ ನೋಡಿದರೆ ಗೊತ್ತಾಗುತ್ತದೆ. ಇದಕ್ಕಾಗಿ ಅಚ್ಚನ್ನು ನಡುಮಧ್ಯಕ್ಕಿಂತ ಸ್ವಲ್ಪ ಹಿಂದೆ ಕೂರಿಸಬೇಕು. ಹಿಂಭಾರವಾದ ಟ್ರೇಲರ್ ರಸ್ತೆಯಲ್ಲಿ ಬಾಲ ಅಲ್ಲಾಡಿಸುತ್ತದೆ. ನಿಲ್ಲಿಸಿದಾಗ ನಾಲ್ಕು ಮೂಲೆಗೂ ಊರುಗಾಲು ಕೊಡಿ, ಕೆಳಗೆ ಅಗಲ ಹಲಗೆ ಇಡಿ.

ಹಾವು, ಹೊಗೆ, ಸೆಕೆ

ನನ್ನ ಮಟ್ಟಿಗೆ ಈ ಮನೆಯ ಮೊದಲ ಲಾಭ ಎತ್ತರ. ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ ನೋವು ಕಡಿಮೆ, ಎಷ್ಟೋ ಸಲ ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳಿಗೆ ಸೇರಿಸಿತು. ವರದಿಯಾಗುವುದು ಒಳ್ಳೆಯದೇ. ಕಚ್ಚದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೂ ಇದೆ. ನೆಲ ಎರಡಡಿ ಮೇಲಿರಲಿ. ಮೆಟ್ಟಿಲು ಬಿಚ್ಚಿ ಇಡುವಂಥದ್ದಿರಲಿ. ಕಾಳುಕಡಿ ಒಳಗೆ ಬೇಡ; ಇಲಿ ಬಂದಲ್ಲಿ ಹಾವೂ ಬರುತ್ತದೆ. ಎಣ್ಣಿ ಡಬ್ಬಿ, ಸ್ಪ್ರೇಯರ್ ಅಂತೂ ಒಳಗೆ ಬೇಡವೇ ಬೇಡ. ಅವಕ್ಕೆ ಮೂತಿಯ ಮೇಲೆ ಬೇರೆ ಪೆಟ್ಟಿಗೆ.

ಕಿಟಕಿ ಎದುರುಬದುರು ಎರಡು, ಜಾಲರಿ ಸಮೇತ. ಚಳಿಗೆ ಕೆಂಡ, ಒಲೆ ಒಳಗಿಟ್ಟು ಬಾಗಿಲು ಹಾಕಬೇಡಿ. ಥಾಮಸ್ ಹಾರ್ಡಿಯ 1874ರ ಇಂಗ್ಲಿಷ್ ಕಾದಂಬರಿಯಲ್ಲಿ ಒಬ್ಬ ಕುರಿಗಾರ ಇಂಥ ಗಾಲಿಮನೆಯಲ್ಲೇ ಗಾಳಿಕಿಂಡಿ ಮುಚ್ಚಿ, ಒಲೆ ಉರಿಸಿ ಮಲಗಿ ಉಸಿರುಗಟ್ಟಿ ಸಾಯುವುದರಲ್ಲಿದ್ದ. ಕತೆಯಾದರೂ ಕಾರಣ ನಿಜ.

ನಮ್ಮ ಬೇಸಿಗೆಗೆ ಬರೀ ತಗಡಿನ ಮಾಡು ಹೆಂಚಿನಂತೆ ಕಾಯುತ್ತದೆ. ನಿಲ್ಲಿಸಿದ ಮೇಲೆ ಮಾಡಿನಿಂದ ನಾಲ್ಕು ಬೆರಳು ಬಿಟ್ಟು ಜೋಳದ ಸೊಪ್ಪೆಯ ಇನ್ನೊಂದು ಹೊದಿಕೆ ಹಾಕಲು ಕೊಕ್ಕೆ ಇಟ್ಟಿದ್ದೇನೆ. ನೆರಳಿಗೆಂದು ಒಂಟಿ ಮರದ ಕೆಳಗೆ, ವಿದ್ಯುತ್ ತಂತಿಯ ಕೆಳಗೆ ನಿಲ್ಲಿಸಬಾರದು. ಮುಂಗಾರಿನ ಸಿಡಿಲು ನಮಗೆ ಗೊತ್ತಿದ್ದದ್ದೇ.

ಹೆಣ್ಣುಮಕ್ಕಳನ್ನು ಕೇಳಿ

ನಕ್ಷೆಯಲ್ಲಿ ಎರಡು ಸಾಮಾನು ನನ್ನ ಮನೆಯವರು ಸೇರಿಸಿದ್ದು. ಬಾಗಿಲಿಗೆ ಒಳಗಿನಿಂದ ಚಿಲಕ, ಮಾಡಿನ ಪೈಪಿಗೆ ಜೋಲಿ ಕಟ್ಟುವ ಕೊಂಡಿ. ಮೆಣಸಿನಕಾಯಿ ಬಿಡಿಸಲು ಬರುವ ಹೆಣ್ಣುಮಕ್ಕಳಿಗೆ ಸೀರೆ ಬದಲಿಸಲು, ಕೂಸಿಗೆ ಹಾಲು ಕೊಡಲು ಹೊಲದಲ್ಲಿ ಮರೆ ಎಲ್ಲಿದೆ? ಹಗಲು ಅವರಿಗೆ, ರಾತ್ರಿ ಕಾವಲಿನವರಿಗೆ. ಗಂಡಸರೇ ಕೂತು ನಕ್ಷೆ ಹಾಕಿದರೆ ಚಿಲಕ ಹೊರಗಡೆ ಮಾತ್ರ ಬರುತ್ತದೆ.

ರಸ್ತೆಗೆ ಇಳಿಯುವ ಮುಂಚೆ

ಟ್ರೇಲರ್ ಕೂಡ ಕಾನೂನಿನ ಪ್ರಕಾರ ವಾಹನವೇ. 1988ರ ಮೋಟಾರು ವಾಹನ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ವೆಲ್ಡಿಂಗ್ ಆದ ಮೇಲೆ ಓಡಾಡುವ ಬದಲು ನಕ್ಷೆ ಹಿಡಿದುಕೊಂಡೇ ರಾಯಚೂರಿನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ ಇರಲೇಬೇಕು. ಮತ್ತೆ ಇದು ಮಲಗುವ ಮನೆ, ಸವಾರಿ ಗಾಡಿಯಲ್ಲ. ಎಳೆಯುವಾಗ ಒಳಗೆ ಯಾರೂ ಕೂರಬಾರದು, ಮಕ್ಕಳಂತೂ ಕೂಡದು.

'ನಮ್ಮಪ್ಪ, ನಮ್ಮಜ್ಜ ನೆಲದ ಮ್ಯಾಲೆ ಮಲಗಲಿಲ್ಲೇನು?' ಅಂತ ಕೇಳುವವರಿದ್ದಾರೆ. ಮಲಗಿದ್ದರು, ಖರೆ. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಐದು ಹಾಳೆ, ಒಂದು ಹಳೇ ಅಚ್ಚು ಗುಜರಿಯಲ್ಲಿ ಸಿಗುತ್ತದೆ. ನಿಮ್ಮಲ್ಲಿ ಯಾರಾದರೂ ಇಂಥದ್ದು ಮಾಡಿದ್ದರೆ ಅಳತೆ, ತೂಕ, ಖರ್ಚು ಸಮೇತ ಪತ್ರಿಕೆಗೆ ಬರೆಯಿರಿ. ನನ್ನ ನಕ್ಷೆಯಲ್ಲಿ ಕೊರತೆ ಕಂಡರೆ ಅದನ್ನೂ ಬರೆಯಿರಿ. ಕಾಗದದ ಮೇಲೆ ತಿದ್ದಲು ಬರೀ ರಬ್ಬರ್ ಸಾಕು, ಕಬ್ಬಿಣ ತಿದ್ದಲು ಮತ್ತೆ ರೊಕ್ಕ ಬೇಕು.