ನಮ್ಮ ಬೆವರಿಗೆ ಲೆಕ್ಕವಿಲ್ಲವೇ?



ಹಳ್ಳಿಯವರಿಗೆ ವ್ಯಾಯಾಮದಲ್ಲಿ ಆಸಕ್ತಿ ಇಲ್ಲವಂತೆ! ಪೇಟೆಯಲ್ಲಿ ಬೆಳಿಗ್ಗೆ ಪಾರ್ಕು ಸುತ್ತುವ ಮಹನೀಯರ ಮಾತಿದು. ಅವರಿಗೆ ನಡೆಯಲು ಕಾರಣವಿದೆ. ದಿನವಿಡೀ ಕುರ್ಚಿಯಲ್ಲಿ ಕೂತ ಮೈ, ಡಾಕ್ಟರು ಹುಟ್ಟಿಸಿದ ಹೆದರಿಕೆ, ತಿಂಗಳಾದರೆ ತಪ್ಪದ ಸಂಬಳ, ವಾರದ ರಜೆ. ದುಡ್ಡು ಕೊಟ್ಟು ಜಿಮ್ಮಿನಲ್ಲಿ ಭಾರ ಎತ್ತುತ್ತಾರೆ. ಗೊಬ್ಬರದ ಮೂಟೆ ಹೊತ್ತು ತೋಟದ ಏರು ಹತ್ತುವವನ ಶ್ರಮ ಮಾತ್ರ ಇವರ ಲೆಕ್ಕಕ್ಕಿಲ್ಲ. ಇದ್ಯಾವ ನ್ಯಾಯ ಸ್ವಾಮಿ?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದರಲ್ಲಿ ಆಟ, ನಡಿಗೆಯಷ್ಟೇ ಅಲ್ಲ, ದುಡಿಮೆಯೂ ಮನೆಗೆಲಸವೂ ಸೇರಿವೆ. ನಾಟಿಯಲ್ಲಿ, ಕಾಫಿ ಕುಯ್ಲಿನಲ್ಲಿ ಅಷ್ಟು ಶ್ರಮ ಒಂದೇ ದಿನಕ್ಕೆ ಆಗಿಹೋಗುತ್ತದೆ. ಸಂಜೆ ಸೊಂಟ ಹಿಡಿದುಕೊಂಡು ಬಂದ ಹೆಂಗಸಿಗೆ ‘ಸ್ವಲ್ಪ ವಾಕಿಂಗ್ ಮಾಡಮ್ಮಾ’ ಅಂದರೆ ಅವಳು ನಗಬೇಕೋ ಅಳಬೇಕೋ?

ಆಸಕ್ತಿ ಇಲ್ಲ ಎನ್ನುವವರು ನಾಪೋಕ್ಲಿನ ಕಡೆ ನೋಡಲಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಮ್ಮೂರಲ್ಲಿ ನಡೆಯಿತು. ಕುಂಡ್ಯೋಳಂಡ ಕುಟುಂಬ ನಡೆಸಿದ ಆ ಹಬ್ಬಕ್ಕೆ ಬಂದ ತಂಡಗಳು 360! ಯಾವಾಗ? ಕಾಫಿ ಕುಯ್ಲು ಮುಗಿದ ಮೇಲೆ. ಕೈಲ್‌ಪೊಳ್ದ್ ಬರುವುದೂ ನಾಟಿ ಮುಗಿದ ಮೇಲೆಯೇ. ದೊಡ್ಡ ಗದ್ದೆಯ ನಾಟಿ ಆದೊಡನೆ ಕೆಸರಲ್ಲೇ ನಾಟಿ ಓಟ ಇಟ್ಟವರು ನಮ್ಮ ಹಿರಿಯರು. ಹುರುಪಿಗೆ ಕೊರತೆಯಿಲ್ಲ, ಬಿಡುವಿಗೆ ಕೊರತೆ.

ನಮ್ಮೊಳಗೂ ಒಂದು ಮಾತು ಆಗಲಿ. ದೊಡ್ಡ ತೋಟಗಳಲ್ಲಿ ಮೂಟೆ ಹೊರುವವರು ಕೂಲಿಯವರು, ಕೆಲ ಯಜಮಾನರು ಜೀಪಿನಿಂದ ಇಳಿಯುವುದೇ ಇಲ್ಲ. ಸಕ್ಕರೆ ಕಾಯಿಲೆ ಹಳ್ಳಿ, ಪೇಟೆ ಎಂದು ನೋಡಿ ಬರುವುದಿಲ್ಲ. ಅಂಥವರು ರೈತನ ಬೆವರಿನ ಹೆಸರು ಹೇಳುವ ಮೊದಲು ತಮ್ಮ ತೋಟ ಒಂದು ಸುತ್ತು ನಡೆದು ಬರಲಿ.

ಬಿಡುವು ಬರುವುದು ಬೆಲೆಯಿಂದ. ಭತ್ತದ ಬೆಂಬಲ ಬೆಲೆ ಕಟ್ಟುವಾಗ ಮನೆಮಂದಿಯ ದುಡಿಮೆಗೂ ಕೂಲಿ ಹಿಡಿಯುತ್ತಾರೆ. ಕಾಫಿಗೆ, ಕರಿಮೆಣಸಿಗೆ ಬೆಂಬಲ ಬೆಲೆಯೇ ಇಲ್ಲ. ಬೆಲೆ ಬಿದ್ದ ವರ್ಷ ಸಣ್ಣ ಹಿಡುವಳಿದಾರ ಆಳು ಬಿಟ್ಟು ತಾನೇ ಎರಡಾಳಿನ ಕೆಲಸ ಮಾಡುತ್ತಾನೆ. ಹಾಕಿ ಕೋಲು ಹಿಡಿಯಲು ಅವನಿಗೆ ತ್ರಾಣವೆಲ್ಲಿ? ಭತ್ತ ಗಿಟ್ಟದೆ ಗದ್ದೆ ಪಾಳು ಬಿದ್ದರೆ ನಾಟಿ ಓಟ ಎಲ್ಲಿ?

ಕೇಂದ್ರ ಸರ್ಕಾರ 2019ರಲ್ಲಿ ಫಿಟ್ ಇಂಡಿಯಾ ಎಂದು ಸಾರಿತು. ಸಂತೋಷ. ನಮಗೆ ಉಪದೇಶ ಬೇಡ. ದುಡಿಮೆಗೆ ತಕ್ಕ ಬೆಲೆ ಕೊಡಿ, ಊರ ಶಾಲೆಯ ಮೈದಾನ ಉಳಿಸಿ, ಹೆಣ್ಣುಮಕ್ಕಳೂ ಆಡುವಂತೆ ಮಾಡಿ. ಓಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.